ಪೋರ್ನ್ ಚಟ ಬಿಡಲು ಯಾವ ದಾರಿ? ಬ್ಲಾಕರ್, ಸವಾಲು, ಗುಂಪು, ಕೌನ್ಸೆಲಿಂಗ್, ಮಾತ್ರೆ: ಯಾರಿಗೆ ಯಾವುದು

ಪೋರ್ನ್ ನೋಡುವುದನ್ನು ಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದವರಿಗೆ ಮರುದಿನವೇ ಇನ್ನೊಂದು ಗೊಂದಲ ಶುರುವಾಗುತ್ತದೆ. ಫೋನಿಗೆ ಬ್ಲಾಕರ್ ಹಾಕಿದರೆ ಸಾಕಾ? 90 ದಿನದ ಸವಾಲು ಹಿಡಿಯಬೇಕಾ? ಕೌನ್ಸೆಲರ್ ಹತ್ತಿರ ಹೋಗುವುದಾ, ಡಾಕ್ಟರ್ ಹತ್ತಿರವಾ? ಹೆಂಡತಿಗೆ ಹೇಳಬೇಕಾ? ಓದುಗರು ಕೇಳುವುದು ಹೆಚ್ಚುಕಡಿಮೆ ಇದನ್ನೇ.

ಮನೆಯಲ್ಲಿ, ಗೆಳೆಯರಲ್ಲಿ ಕೇಳಲಾಗದ ವಿಷಯ ಇದು. ಹಾಗಾಗಿ ರಾತ್ರಿ ಹೊತ್ತು ಗೂಗಲ್‌ನಲ್ಲಿ ಹುಡುಕುತ್ತಾರೆ. ಮೊದಲು ಸಿಕ್ಕಿದ ದಾರಿ ಹಿಡಿಯುತ್ತಾರೆ. ಅದು ಕೈಕೊಟ್ಟಾಗ ‘ನನ್ನ ಕೈಲಿ ಆಗಲ್ಲ’ ಅಂತ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ತಪ್ಪು ಅವರ ಮನೋಬಲದ್ದಲ್ಲ. ಅವರ ತೊಂದರೆಗೆ ಆ ದಾರಿ ಹೊಂದುತ್ತಿರಲಿಲ್ಲ. ದಾರಿ ಆರಿಸುವಾಗ ನಾಚಿಕೆ ಎಷ್ಟಿದೆ ಅಂತ ಅಳೆಯಬೇಡಿ. ಈ ಅಭ್ಯಾಸ ನಿಮಗೆ ಏನು ಮಾಡಿಕೊಡುತ್ತಿದೆ ಅಂತ ನೋಡಿ. ಈ ಬರಹದ ಉದ್ದಕ್ಕೂ ನಾನು ಇದನ್ನೇ ಹಿಡಿದು ಹೋಗುತ್ತೇನೆ.

ಹೆಚ್ಚಾಗಿ ಗಂಡಸರ ಮಾತಾಗಿಯೇ ಇದು ಬರುತ್ತದೆ. ಆದರೆ ಹೆಂಗಸರೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ, ಅವರಿಗೆ ಬಾಯಿ ಬಿಡುವುದು ಇನ್ನೂ ಕಷ್ಟ. ಕೆಳಗೆ ಹೇಳುವುದೆಲ್ಲ ಇಬ್ಬರಿಗೂ ಅನ್ವಯಿಸುತ್ತದೆ.

ನಿಮ್ಮದು ನಿಜವಾಗಿ ಚಟವೇ?

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, ಜನವರಿ 2022ರಿಂದ ಜಾರಿಯಲ್ಲಿದೆ. ಹಿಡಿತಕ್ಕೆ ಸಿಗದ ಲೈಂಗಿಕ ನಡವಳಿಕೆಯನ್ನು ಅದರಲ್ಲಿ ಒಂದು ತೊಂದರೆ ಅಂತ ಗುರುತಿಸಿದ್ದಾರೆ. ಕುಡಿತ, ಜೂಜಿನ ಚಟಗಳ ಜೊತೆಗೆ ಇಟ್ಟಿಲ್ಲ, ತುಡಿತ ತಡೆಯಲಾಗದ ತೊಂದರೆಗಳ ಗುಂಪಿನಲ್ಲಿ ಇಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5 2013ರಲ್ಲಿ ಬಂದಾಗ ಇದನ್ನು ಸೇರಿಸಿರಲೇ ಇಲ್ಲ. ‘ಚಟ’ ಅನ್ನಬೇಕೋ ಬೇಡವೋ ಅನ್ನುವ ಚರ್ಚೆ ತಜ್ಞರಲ್ಲಿ ಇನ್ನೂ ನಡೆಯುತ್ತಿದೆ. ನಾವು ರೂಢಿಯ ಮಾತಿನಲ್ಲಿ ಚಟ ಅಂತಲೇ ಕರೆಯೋಣ.

ಐಸಿಡಿ-11 ಹೇಳುವುದು ಹೀಗೆ. ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲದಿಂದ ತುಡಿತ ಹಿಡಿತಕ್ಕೆ ಸಿಗುತ್ತಿರಬಾರದು. ಜೊತೆಗೆ ಇವುಗಳಲ್ಲಿ ಒಂದಾದರೂ ಇರಬೇಕು. ಬದುಕು ಅದರ ಸುತ್ತಲೇ ತಿರುಗಿ ಆರೋಗ್ಯ, ಕೆಲಸ, ಮನೆಯವರು ಎಲ್ಲ ಹಿಂದೆ ಬಿದ್ದಿರಬೇಕು. ಇಲ್ಲವೇ ಬಿಡಲು ಪದೇ ಪದೇ ಪ್ರಯತ್ನಿಸಿ ಆಗದಿರಬೇಕು. ಇಲ್ಲವೇ ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದರೂ, ಅಥವಾ ಸುಖವೇ ಸಿಗದಿದ್ದರೂ ಮುಂದುವರಿಯುತ್ತಿರಬೇಕು. ಇದೆಲ್ಲದರ ಜೊತೆಗೆ ಒಂದು ಮುಖ್ಯ ಎಚ್ಚರಿಕೆಯೂ ಇದೆ. ‘ಇದು ತಪ್ಪು, ಪಾಪ’ ಅನ್ನುವ ಭಾವನೆಯಿಂದ ಮಾತ್ರ ಬರುವ ಸಂಕಟವನ್ನು ಕಾಯಿಲೆ ಅನ್ನುವಂತಿಲ್ಲ.

ಈ ಎಚ್ಚರಿಕೆ ನಮ್ಮಲ್ಲಿ ಬಹಳ ಜನರಿಗೆ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಶುವಾ ಗ್ರಬ್ಸ್ ಮತ್ತು ಜೊತೆಯವರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ‘ನಾನು ಚಟಕ್ಕೆ ಬಿದ್ದಿದ್ದೇನೆ’ ಅನ್ನುವ ಹಲವರಲ್ಲಿ ಆ ನಂಬಿಕೆಗೆ ನೋಡುವ ಪ್ರಮಾಣಕ್ಕಿಂತ, ‘ನಾನು ಒಪ್ಪದ ಕೆಲಸವನ್ನು ನಾನೇ ಮಾಡುತ್ತಿದ್ದೇನೆ’ ಅನ್ನುವ ಒಳಜಗಳದ ನಂಟು ಜಾಸ್ತಿ ಅಂತ ಅವರಿಗೆ ಕಂಡಿದೆ. ನಮ್ಮ ಕಡೆ ಇದರ ಜೊತೆಗೆ ವೀರ್ಯದ ಭಯವೂ ಸೇರುತ್ತದೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಅನ್ನುವ ಮಾತು ಕೇಳಿಯೇ ಬೆಳೆದ ಹುಡುಗರು ಸುಸ್ತು, ಬೆನ್ನುನೋವು, ಮರೆವು ಎಲ್ಲಕ್ಕೂ ಹಸ್ತಮೈಥುನವೇ ಕಾರಣ ಅಂದುಕೊಳ್ಳುತ್ತಾರೆ. 1960ರಲ್ಲೇ ಮನೋವೈದ್ಯ ಡಾ. ಎನ್.ಎನ್. ವಿಗ್ ಈ ಆತಂಕಕ್ಕೆ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ವೀರ್ಯ ಹೋದರೆ ಶಕ್ತಿ ಹೋಗುವುದಿಲ್ಲ. ಹಸ್ತಮೈಥುನ ಅದಷ್ಟೇ ಆಗಿ ದೇಹಕ್ಕೆ ಕೆಡುಕಲ್ಲ.

ಹಾಗಾಗಿ ಮೂರು ಬಗೆಯವರು ಇದ್ದಾರೆ ಅಂತ ಇಟ್ಟುಕೊಳ್ಳಿ. ವಾರಕ್ಕೊಮ್ಮೆ, ಎರಡು ಸಲ ನೋಡಿ, ಉಳಿದ ದಿನವೆಲ್ಲ ಕೊರಗುವವರು ಒಂದು ಬಗೆ. ದಿನಾ ರಾತ್ರಿ ಫೋನ್ ಹಿಡಿದು ಮಲಗುವ ರೂಢಿಯಲ್ಲಿ ನೋಡುವವರು, ಬಿಟ್ಟರೆ ಕಿರಿಕಿರಿ ಆದರೂ ಕೆಲಸ, ಸಂಸಾರ ನಡೆಯುತ್ತಿರುವವರು ಎರಡನೇ ಬಗೆ. ನಿದ್ದೆ, ಪರೀಕ್ಷೆ, ಕೆಲಸ, ದುಡ್ಡು, ಮದುವೆ ಇವುಗಳಲ್ಲಿ ಏನಾದರೂ ಹಾಳಾಗುತ್ತಿದ್ದರೂ ನಿಲ್ಲಿಸಲು ಆಗದವರು ಮೂರನೇ ಬಗೆ. ಮೊದಲ ಬಗೆಯವರು ಬ್ಲಾಕರ್‌ಗೆ ದುಡ್ಡು ಹಾಕುವುದಕ್ಕಿಂತ, ತಿಳಿದವರ ಜೊತೆ ಒಂದೆರಡು ಸಲ ಮನಬಿಚ್ಚಿ ಮಾತಾಡಿದರೆ ಜಾಸ್ತಿ ಉಪಯೋಗ.

ಮನಸ್ಸಿನ ಒಳಗೆ ಏನು ನಡೆಯುತ್ತದೆ

ದಾರಿಗಳನ್ನು ತೂಗುವ ಮೊದಲು ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾವ ದಾರಿ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಇಲ್ಲೇ ಇದೆ.

‘ಅಷ್ಟೇನೂ ಖುಷಿ ಕೊಡಲ್ಲ, ಆದರೂ ನೋಡ್ತೀನಿ’ ಅಂತ ತುಂಬಾ ಜನ ಹೇಳುತ್ತಾರೆ. ಇದು ವಿಚಿತ್ರ ಅನಿಸಬಹುದು, ಆದರೆ ಮೆದುಳಿನಲ್ಲಿ ಬೇಕು ಅನ್ನಿಸುವುದು ಬೇರೆ, ಇಷ್ಟ ಆಗುವುದು ಬೇರೆ. ಕೆಂಟ್ ಬೆರಿಜ್ ಅನ್ನುವ ವಿಜ್ಞಾನಿ ಇದನ್ನು ಬಹಳ ಹಿಂದೆಯೇ ಬಿಡಿಸಿ ತೋರಿಸಿದರು. ಮೆದುಳಿನ ರಾಸಾಯನಿಕ ಡೋಪಮೈನ್‌ಗೆ ಸಂಬಂಧ ಇರುವುದು ಮುಖ್ಯವಾಗಿ ಈ ‘ಬೇಕು’ ಅನ್ನುವುದಕ್ಕೆ. 2014ರಲ್ಲಿ ಕೇಂಬ್ರಿಡ್ಜ್‌ನ ವಲೇರಿ ವೂನ್ ತಂಡ, ಹಿಡಿತ ತಪ್ಪಿದ 19 ಗಂಡಸರ ಮೆದುಳನ್ನು ಸ್ಕ್ಯಾನ್ ಮಾಡಿ, ತೊಂದರೆ ಇಲ್ಲದ ಅಷ್ಟೇ ಜನರ ಜೊತೆ ಹೋಲಿಸಿತು. ಆ 19 ಜನರಲ್ಲಿ ವಿಡಿಯೊದ ಬಯಕೆ ಜಾಸ್ತಿ ಇತ್ತು. ಇಷ್ಟ ಮಾತ್ರ ಜಾಸ್ತಿ ಇರಲಿಲ್ಲ. ಸುಖ ಸಿಗುತ್ತಿಲ್ಲ ಅನ್ನುವ ಕಾರಣಕ್ಕೆ ಚಟ ತಾನಾಗಿ ಸಾಯುವುದಿಲ್ಲ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಇನ್ನೊಂದು, ಒತ್ತಿ ಹಿಡಿಯುವ ಸಮಸ್ಯೆ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಒಂದು ಸರಳ ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂತ ಹೇಳಿದರು. ಜನ ಗಂಟೆ ಬಾರಿಸುತ್ತಲೇ ಹೋದರು. ಆಮೇಲೆ ಯೋಚಿಸಬಹುದು ಅಂದಾಗ, ಮೊದಲೇ ಯೋಚಿಸಲು ಬಿಟ್ಟವರಿಗಿಂತ ಇವರೇ ಜಾಸ್ತಿ ಯೋಚಿಸಿದರು. ‘ಆ ಯೋಚನೆ ಬರಲೇಬಾರದು’ ಅಂತ ಹಲ್ಲು ಕಚ್ಚುವವರಿಗೆ ಆಗುವುದೂ ಇದೇ.

ಮೂರನೆಯದು ಜಾರಿದ ಮೇಲಿನ ಕುಸಿತ. ಕುಡಿತ ಬಿಡುವವರನ್ನು ಅಧ್ಯಯನ ಮಾಡಿದ ಅಲನ್ ಮಾರ್ಲಾಟ್ ಇದನ್ನು ಗುರುತಿಸಿದರು. ಒಮ್ಮೆ ತಪ್ಪಿದ ಕೂಡಲೇ ‘ಹೇಗೂ ಹಾಳಾಯ್ತು’ ಅನ್ನಿಸಿ, ಒಂದು ತಪ್ಪು ಒಂದು ವಾರದ ತಪ್ಪಾಗುತ್ತದೆ. ಬೀಳಿಸುವುದು ಮೊದಲ ಜಾರಿಕೆಗಿಂತ, ಅದರ ಹಿಂದೆ ಬರುವ ನಾಚಿಕೆ. ನಾಚಿಕೆಯ ನೋವಿಗೆ ಮತ್ತೆ ಅದೇ ವಿಡಿಯೊ ಮದ್ದಾಗುತ್ತದೆ. ಈ ಸುತ್ತನ್ನು ಗಮನಿಸಿ, ಬಹಳ ಜನ ಸಿಕ್ಕಿಕೊಂಡಿರುವುದು ಇಲ್ಲೇ.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ತುಡಿತ ಏಳುವುದಕ್ಕೆ ಮೊದಲು ಏನಿತ್ತು? ಹಸಿವಾ, ಸಿಟ್ಟಾ, ಒಂಟಿತನವಾ, ದಣಿವಾ? ಬಾಸ್ ಬೈದಿದ್ದರಾ? ಹೆಂಡತಿ ಜೊತೆ ಮಾತು ಬಿಟ್ಟಿತ್ತಾ? ಹಾಸ್ಟೆಲ್ ರೂಮಿನಲ್ಲಿ ಭಾನುವಾರ ಮಧ್ಯಾಹ್ನ ಯಾರೂ ಇರಲಿಲ್ಲವಾ? ಹತ್ತು ದಿನ ಒಂದು ನೋಟ್‌ಬುಕ್‌ನಲ್ಲಿ ಸಮಯ, ಜಾಗ, ಅದಕ್ಕೆ ಮೊದಲಿನ ಮನಸ್ಥಿತಿ ಇಷ್ಟನ್ನೇ ಬರೆದಿಡಿ. ಬಿಡುವ ಪ್ರಯತ್ನ ಆಮೇಲೆ ಮಾಡಿ. ಆ ಪುಟ ಕೈಯಲ್ಲಿದ್ದರೆ ಕೆಳಗಿನ ದಾರಿಗಳಲ್ಲಿ ನಿಮ್ಮದು ಯಾವುದು ಅಂತ ಅರ್ಧ ಗೊತ್ತಾಗುತ್ತದೆ.

ತೂಗುವುದು ಹೇಗೆ

ನಾನು ನೋಡುವುದು ಐದು ವಿಷಯ. ತೊಂದರೆ ಮೇಲೆ ಹೇಳಿದ ಮೂರು ಬಗೆಯಲ್ಲಿ ಯಾವುದು? ತುಡಿತ ಬರುವುದು ಸುಮ್ನೆ ಫೋನ್ ಕೈಗೆ ಸಿಕ್ಕಿದ್ದಕ್ಕಾ, ಅಥವಾ ಒಳಗಿನ ನೋವಿಗಾ? ಎಷ್ಟು ಜನರಿಗೆ ಗೊತ್ತಾದರೂ ತೊಂದರೆ ಇಲ್ಲ? ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು? ಮತ್ತೆ, ಕನ್ನಡದಲ್ಲಿ, ನಿಮ್ಮ ಊರಿನ ಹತ್ತಿರ ಸಿಗುತ್ತದಾ? ಕೊನೆಯದನ್ನು ಕಡೆಗಣಿಸಬೇಡಿ. ಇಂಥ ವಿಷಯವನ್ನು ಬರದ ಭಾಷೆಯಲ್ಲಿ ಹೇಳುವುದು ಯಾರಿಗೂ ಆಗುವುದಿಲ್ಲ.

ಫೋನಿಗೆ ಬೇಲಿ ಹಾಕುವುದು

ಖರ್ಚಿಲ್ಲ, ಯಾರಿಗೂ ಹೇಳಬೇಕಿಲ್ಲ, ಇವತ್ತೇ ಶುರು ಮಾಡಬಹುದು. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಅಂತ ಸೆಟ್ಟಿಂಗ್ ಇರುತ್ತದೆ, ಅಂದರೆ ಸೈಟಿನ ಹೆಸರು ನೋಡಿ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಅದರಲ್ಲಿ ಕ್ಲೌಡ್‌ಫ್ಲೇರ್ ಅಥವಾ ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್ ಹಾಕಿದರೆ ಹೆಚ್ಚಿನ ಪೋರ್ನ್ ಸೈಟುಗಳು ತೆರೆಯುವುದಿಲ್ಲ. ಮನೆಯ ವೈಫೈ ರೌಟರ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.3 ಹಾಕಿದರೆ ಮನೆಯ ವೈಫೈಗೆಲ್ಲ ಅದೇ ತಡೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಒಳಗೆ ಇದೇ ಕೆಲಸಕ್ಕೆ ಆಯ್ಕೆ ಇದೆ.

ಇದರ ಮಿತಿಯನ್ನೂ ಹೇಳಬೇಕು. ಟೆಲಿಗ್ರಾಂ, ಇನ್‌ಸ್ಟಾಗ್ರಾಂ, ಎಕ್ಸ್ ಒಳಗೆ ಬರುವುದನ್ನು ಈ ಬೇಲಿ ತಡೆಯುವುದಿಲ್ಲ. ಹಾಕಿದವರಿಗೆ ತೆಗೆಯುವುದೂ ಗೊತ್ತಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 827 ಸೈಟುಗಳನ್ನು ಮುಚ್ಚಿಸಿತು. ಜನ ತಡೆಯನ್ನು ದಾಟಿಸುವ ವಿಪಿಎನ್ ಹಾಕಿಕೊಂಡರು, ಹೊಸ ವಿಳಾಸದ ಸೈಟುಗಳು ಬಂದವು. ದೇಶಕ್ಕೆ ಹಾಕಿದ ಬೇಲಿಗೇ ಹೀಗಾದರೆ ಫೋನಿನ ಬೇಲಿಯ ಕಥೆಯೂ ಅಷ್ಟೇ.

ಆದರೂ ಇದನ್ನು ನಾನು ತಳ್ಳಿಹಾಕುವುದಿಲ್ಲ. ತುಡಿತಕ್ಕೂ ನೋಡುವುದಕ್ಕೂ ನಡುವೆ ಎರಡು ನಿಮಿಷ ಸಿಕ್ಕರೂ ಅದು ದೊಡ್ಡದು. ಸುಮ್ನೆ ರೂಢಿಯಿಂದ ನೋಡುವವರಿಗೆ, ಅಂದರೆ ಎರಡನೇ ಬಗೆಯವರಿಗೆ, ಹಲವು ಸಲ ಇಷ್ಟೇ ಸಾಕಾಗುತ್ತದೆ. ಜೊತೆಗೆ ಚಾರ್ಜರ್ ಅನ್ನು ಮಲಗುವ ಕೋಣೆಯಿಂದ ಹಾಲ್‌ಗೆ ಸ್ಥಳಾಂತರಿಸಿ, ನೂರಿನ್ನೂರು ರೂಪಾಯಿಯ ಅಲಾರಂ ಗಡಿಯಾರ ತನ್ನಿ. ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳಿಗಿಂತ ಈ ಬದಲಾವಣೆಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಒಳಗಿನ ನೋವಿಗೆ ನೋಡುವವರಿಗೆ ಮಾತ್ರ ಬೇಲಿ ಒಂದರಿಂದ ಏನೂ ಆಗದು. ಆ ನೋವು ಬೇರೆ ಕಡೆಗೆ, ಕುಡಿತಕ್ಕೋ ಆನ್‌ಲೈನ್ ಆಟಕ್ಕೋ ತಿರುಗಬಹುದು.

ದಿನ ಎಣಿಸುವ ಸವಾಲು

30 ದಿನ, 90 ದಿನ ಅಂತ ಎಣಿಸುವ ಪದ್ಧತಿ ಹುಡುಗರಲ್ಲಿ ಬಹಳ ಓಡುತ್ತಿದೆ. ಅದರಲ್ಲಿ ಹುರುಪು ಇದೆ, ಜೊತೆಗಾರರು ಇದ್ದಾರೆ, ಖರ್ಚಿಲ್ಲ. ಆದರೆ 90 ಅನ್ನುವ ಸಂಖ್ಯೆಯ ಹಿಂದೆ ಗಟ್ಟಿ ಆಧಾರ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ತಂಡ ಹೊಸ ಅಭ್ಯಾಸ ಕೂರಲು ಎಷ್ಟು ದಿನ ಬೇಕು ಅಂತ ನೋಡಿತ್ತು. ಒಬ್ಬೊಬ್ಬರಿಗೆ ಒಂದೊಂದು ಬಗೆ, 18 ದಿನದಿಂದ 254 ದಿನದವರೆಗೆ. ಅದೂ ನೀರು ಕುಡಿಯುವುದು, ನಡೆಯುವುದು ಇಂಥ ಸರಳ ಅಭ್ಯಾಸಗಳಿಗೆ. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ ಅನ್ನುವುದೂ ಅದೇ ಅಧ್ಯಯನದಲ್ಲಿ ಕಂಡ ಮಾತು.

ದಿನ ಎಣಿಸುವ ಸವಾಲಿನಲ್ಲಿ ಇದಕ್ಕೆ ಜಾಗವೇ ಇಲ್ಲ. 60 ದಿನ ನಡೆದವರು ಒಂದು ರಾತ್ರಿ ಜಾರಿದರೆ ಎಣಿಕೆ ಸೊನ್ನೆಗೆ ಬರುತ್ತದೆ. ಮಾರ್ಲಾಟ್ ಹೇಳಿದ ಕುಸಿತಕ್ಕೆ ಇದು ದಾರಿ ಮಾಡಿಕೊಡುತ್ತದೆ. ಎಣಿಸಲೇಬೇಕು ಅನ್ನುವವರು ಈ ತಿಂಗಳು ಎಷ್ಟು ದಿನ ನೋಡಲಿಲ್ಲ ಅಂತ ಎಣಿಸಿ. 30ರಲ್ಲಿ 24 ಅಂತ ಬರಲಿ. ಆಗ ಒಂದು ದಿನ ಜಾರಿದರೂ ಉಳಿದ ದಿನಗಳ ಲೆಕ್ಕ ಅಳಿಸುವುದಿಲ್ಲ.

ಇಲ್ಲಿ ಅಯ್ಯಪ್ಪ ಮಾಲೆಯ ಮಾತು ನೆನಪಾಗುತ್ತದೆ. 41 ದಿನ ವ್ರತ ಹಿಡಿದವರು ಕುಡಿತ, ಸಿಗರೇಟು, ಪೋರ್ನ್ ಎಲ್ಲವನ್ನೂ ಬಿಟ್ಟಿರುತ್ತಾರೆ. ಮಾಲೆ ತೆಗೆದ ಮೇಲೆ ಕೆಲವರಿಗೆ ಎಲ್ಲವೂ ಮರಳುತ್ತದೆ. ಇದರಲ್ಲಿ ಎರಡು ವಿಷಯ ಕಾಣುತ್ತದೆ. ಬಿಡುವ ಶಕ್ತಿ ಅವರಲ್ಲಿ ಇದೆ. ಆ ಶಕ್ತಿಯನ್ನು ಎತ್ತಿ ಹಿಡಿದದ್ದು ಬೆಳಗಿನ ಸ್ನಾನ, ಭಜನೆ, ನೆಲದ ಮೇಲಿನ ನಿದ್ದೆ, ‘ಸ್ವಾಮಿ’ ಅಂತ ಕರೆಯುವ ಜೊತೆಗಾರರು, ಅಂದರೆ ಇಡೀ ದಿನದ ಬೇರೆಯೇ ಚೌಕಟ್ಟು. ವ್ರತ ಮುಗಿದಾಗ ಚೌಕಟ್ಟೂ ಹೋಗುತ್ತದೆ. ನಿಮಗೆ ವ್ರತದಲ್ಲಿ ನಂಬಿಕೆ ಇದ್ದರೆ ಹಿಡಿಯಿರಿ, ಆದರೆ ಮುಗಿದ ಮರುದಿನದಿಂದ ದಿನಚರಿಯಲ್ಲಿ ಏನು ಉಳಿಸಿಕೊಳ್ಳುತ್ತೀರಿ ಅಂತ ಮೊದಲೇ ಬರೆದಿಡಿ.

ಜೊತೆಗಾರರ ಗುಂಪು

ಕುಡಿತ ಬಿಡುವವರ ಎಎ ಗುಂಪುಗಳು ನಮ್ಮ ಊರುಗಳಲ್ಲಿ ಬಹಳ ಜನರಿಗೆ ಗೊತ್ತು. ಅದೇ 12 ಹೆಜ್ಜೆಗಳ ಮಾದರಿಯಲ್ಲಿ ಲೈಂಗಿಕ ಚಟಕ್ಕೂ ಗುಂಪುಗಳಿವೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದವು. ಈಗ ಆನ್‌ಲೈನ್ ಸಭೆಗಳು ಇರುವುದರಿಂದ ಇಲ್ಲಿಂದಲೂ ಸೇರಬಹುದು. ಹೆಸರು ಹೇಳಬೇಕಿಲ್ಲ, ಶುಲ್ಕ ಇಲ್ಲ.

ಸೇರುವ ಮೊದಲು ಒಂದನ್ನು ತಿಳಿದುಕೊಳ್ಳಿ. ಎಲ್ಲ ಗುಂಪುಗಳ ನಿಯಮ ಒಂದೇ ಅಲ್ಲ. ಸೆಕ್ಸಾಹೋಲಿಕ್ಸ್ ಅನಾನಿಮಸ್‌ನಲ್ಲಿ ಹಸ್ತಮೈಥುನವೂ ಕೂಡದು, ಮದುವೆಯ ಹೊರಗಿನ ಯಾವ ಲೈಂಗಿಕ ಸಂಬಂಧವೂ ಕೂಡದು. ಸೆಕ್ಸ್ ಅಡಿಕ್ಟ್ಸ್ ಅನಾನಿಮಸ್‌ನಲ್ಲಿ ನನಗೆ ಯಾವುದು ಕೂಡದು ಅಂತ ಸದಸ್ಯರು ತಾವೇ ಗೆರೆ ಹಾಕಿಕೊಳ್ಳುತ್ತಾರೆ. ಮದುವೆಯಾಗದ, ಅಥವಾ ಮೊದಲೇ ಪಾಪಪ್ರಜ್ಞೆಯಲ್ಲಿ ಬೇಯುತ್ತಿರುವ ಹುಡುಗನಿಗೆ ಮೊದಲನೆಯದರ ನಿಯಮ ಭಾರವಾಗಬಹುದು. ಗೆರೆ ಸ್ಪಷ್ಟವಾಗಿದ್ದರೆ ಮಾತ್ರ ನಡೆಯಬಲ್ಲೆ ಅನ್ನುವವರಿಗೆ ಅದೇ ಆಸರೆ ಆಗಬಹುದು.

ಒಂಟಿತನವೇ ಮೂಲವಾಗಿದ್ದರೆ ಗುಂಪು ಕೊಡುವುದನ್ನು ಬೇರೆ ಯಾವುದೂ ಕೊಡುವುದಿಲ್ಲ. ‘ನನ್ನೊಬ್ಬನಿಗೇ ಹೀಗೆ’ ಅನ್ನುವ ಭಾರ ಮೊದಲ ಸಭೆಯಲ್ಲೇ ಸ್ವಲ್ಪ ಇಳಿಯುತ್ತದೆ. ಭಾಷೆ ಹೆಚ್ಚಾಗಿ ಇಂಗ್ಲಿಷ್, ಪ್ರಾರ್ಥನೆಯ ಧಾಟಿ ಎಲ್ಲರಿಗೂ ಹಿಡಿಸುವುದಿಲ್ಲ. ನಂಬುವ ಒಬ್ಬ ಗೆಳೆಯನ ಹತ್ತಿರ ವಾರಕ್ಕೊಮ್ಮೆ ಕನ್ನಡದಲ್ಲೇ ನಿಜ ಹೇಳಿಕೊಳ್ಳುವುದು ಇದಕ್ಕೆ ಹತ್ತಿರದ ದಾರಿ.

ಕೌನ್ಸೆಲಿಂಗ್

ಮೂರನೇ ಬಗೆಯವರಿಗೆ, ಮತ್ತು ನೋವಿಗೆ ಮದ್ದಾಗಿ ನೋಡುವವರಿಗೆಲ್ಲ, ನನ್ನ ಮೊದಲ ಆಯ್ಕೆ ಇದು. ಬೇಲಿ, ಸವಾಲು, ವ್ರತ ಎಲ್ಲವೂ ನೋಡುವುದನ್ನು ತಡೆಯುತ್ತವೆ. ಕೌನ್ಸೆಲಿಂಗ್ ಒಂದೇ ಅದರ ಹಿಂದಿನ ಕಾರಣವನ್ನು ಕೈಗೆತ್ತಿಕೊಳ್ಳುತ್ತದೆ.

ಇದರಲ್ಲಿ ಎರಡು ಪದ್ಧತಿ ಮುಖ್ಯ. ಒಂದು ಸಿಬಿಟಿ. ಯಾವ ಸನ್ನಿವೇಶದಲ್ಲಿ ಯಾವ ಯೋಚನೆ ಬಂದು ನೋಡಲು ಇಳಿಸಿತು ಅಂತ ಸರಪಳಿಯನ್ನು ಬಿಡಿಸಿ, ಒಂದೊಂದು ಕೊಂಡಿಯಲ್ಲಿ ಬೇರೆ ಏನು ಮಾಡಬಹುದು ಅಂತ ಅಭ್ಯಾಸ ಮಾಡಿಸುತ್ತಾರೆ. ಸ್ವೀಡನ್ನಿನಲ್ಲಿ ಇದನ್ನು ಗುಂಪಿನಲ್ಲಿ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು, ಕಾಯುವ ಸಾಲಿನಲ್ಲಿದ್ದವರಿಗಿಂತ ಚಿಕಿತ್ಸೆ ಪಡೆದವರಲ್ಲಿ ತೊಂದರೆ ಕಡಿಮೆಯಾಗಿತ್ತು. ಇನ್ನೊಂದು ಎಸಿಟಿ. ಇದರಲ್ಲಿ ತುಡಿತವನ್ನು ಓಡಿಸುವುದಿಲ್ಲ. ಬಂದಿದೆ ಅಂತ ಗುರುತಿಸಿ, ಅದು ಏರಿ, ತುದಿ ಮುಟ್ಟಿ, ಇಳಿಯುವವರೆಗೆ ಕೂತು ನೋಡುವುದನ್ನು ಕಲಿಸುತ್ತಾರೆ. ನಿಮ್ಮ ಬದುಕಿನಲ್ಲಿ ನಿಮಗೆ ಮುಖ್ಯ ಏನು ಅಂತ ಕೇಳಿ ಅದರ ಕಡೆಗೆ ಹೆಜ್ಜೆ ಹಾಕಿಸುತ್ತಾರೆ. 2016ರಲ್ಲಿ ಅಮೆರಿಕದಲ್ಲಿ ಪೋರ್ನ್ ಬಿಡಲಾಗದ 28 ಗಂಡಸರಿಗೆ 12 ಭೇಟಿಗಳಲ್ಲಿ ಇದನ್ನು ಕೊಟ್ಟು ನೋಡಿದಾಗ, ನೋಡುವ ಹೊತ್ತು ಬಹಳ ಇಳಿದಿತ್ತು. ಸಣ್ಣ ಅಧ್ಯಯನ ನಿಜ. ಆದರೆ ಬಿಳಿ ಕರಡಿಯ ಪ್ರಯೋಗ ನೆನಪಿಸಿಕೊಂಡರೆ ಇದು ಯಾಕೆ ಕೆಲಸ ಮಾಡಿತು ಅಂತ ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಖಾಸಗಿಯಾಗಿ ಒಂದು ಭೇಟಿಗೆ ಸುಮಾರು ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಆಗುತ್ತದೆ. ವಾರಕ್ಕೊಂದರಂತೆ ಹನ್ನೆರಡು ಭೇಟಿ ಅಂದರೆ ಸಣ್ಣ ಮೊತ್ತ ಅಲ್ಲ. ಕೈ ಬಿಗಿ ಇದ್ದರೆ ಮೊದಲ ನಾಲ್ಕು ಭೇಟಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಅಂತ ಮೊದಲೇ ಮಾತಾಡಿಕೊಳ್ಳಿ.

ದುಡ್ಡಿಲ್ಲದವರಿಗೂ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್ ಕ್ಲಿನಿಕ್’ ನಡೆಯುತ್ತಿದೆ. ಫೋನ್, ಗೇಮ್, ಪೋರ್ನ್ ಹೀಗೆ ತಂತ್ರಜ್ಞಾನದ ಬಳಕೆ ಹಿಡಿತ ತಪ್ಪಿದವರಿಗೆಂದೇ ಇರುವ ಕ್ಲಿನಿಕ್ ಅದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಆಸ್ಪತ್ರೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ ಅಂದರೆ 14416ಕ್ಕೆ ಕರೆ ಮಾಡಿ. ಅದು ಅಕ್ಟೋಬರ್ 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮನಸ್ ಸೇವೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಜಾಗದಲ್ಲಿ ಕಾಯಬೇಕು, ಒಬ್ಬರಿಗೆ ಸಿಗುವ ಹೊತ್ತು ಕಡಿಮೆ. ಅದು ನಿಜವಾದ ಕೊರತೆ.

ಗುಟ್ಟಿನ ಭಯ ಇರುವವರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ವಿಷಯ ಗುಟ್ಟಾಗಿ ಉಳಿಯುವುದು ನಿಮ್ಮ ಹಕ್ಕು. ಯಾರದ್ದಾದರೂ ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭ ಬಿಟ್ಟರೆ ಮನೆಯವರಿಗೂ ಹೇಳುವಂತಿಲ್ಲ.

ಕೌನ್ಸೆಲರ್ ಆರಿಸುವಾಗ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಇದೆಯಾ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಈ ತೊಂದರೆಯವರನ್ನು ಮೊದಲು ನೋಡಿದ್ದೀರಾ, ಯಾವ ಪದ್ಧತಿ ಬಳಸುತ್ತೀರಿ ಅಂತಲೂ ಕೇಳಿ. ಮೊದಲ ಭೇಟಿಯಲ್ಲೇ ಸಂಸ್ಕೃತಿ, ಸಂಯಮ ಅಂತ ಬುದ್ಧಿ ಹೇಳಲು ಶುರು ಮಾಡುವವರನ್ನು ಬಿಡಿ. ‘ಅಯ್ಯೋ, ಎಲ್ಲರೂ ನೋಡ್ತಾರೆ ಬಿಡಿ’ ಅಂತ ಕೈಬೀಸಿ ಕಳಿಸುವವರನ್ನೂ ಬಿಡಿ. ಇಬ್ಬರೂ ನಿಮ್ಮ ಮಾತನ್ನು ಕೇಳಿಸಿಕೊಂಡಿಲ್ಲ.

ಮನೋವೈದ್ಯರು ಮತ್ತು ಮಾತ್ರೆ

ಈ ಚಟಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನು, ಕೆಲವರಿಗೆ ಕುಡಿತದ ಚಿಕಿತ್ಸೆಯಲ್ಲಿ ಬಳಸುವ ನಾಲ್ಟ್ರೆಕ್ಸೋನನ್ನು ಕೊಡುವುದುಂಟು. ತುಡಿತದ ಜೋರು ಸ್ವಲ್ಪ ಇಳಿದರೆ ಕೌನ್ಸೆಲಿಂಗ್ ಹಿಡಿದುಕೊಳ್ಳಲು ಸುಲಭವಾಗುತ್ತದೆ. ಎಸ್‌ಎಸ್‌ಆರ್‌ಐಗಳಿಂದ ಕಾಮಾಸಕ್ತಿ ಕುಗ್ಗುವುದು, ವೀರ್ಯ ಬರುವುದು ತಡವಾಗುವುದು ಸಾಮಾನ್ಯ. ಸಂಗಾತಿ ಇದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಆದರೆ ಮನೋವೈದ್ಯರ ಹತ್ತಿರ ಹೋಗುವುದು ಮಾತ್ರೆಗಾಗಿ ಮಾತ್ರ ಅಲ್ಲ. ಬೇರೇನಾದರೂ ಕಾಯಿಲೆ ಇದರ ಹಿಂದೆ ಇದೆಯಾ ಅಂತ ಅವರು ನೋಡುತ್ತಾರೆ. ಖಿನ್ನತೆ, ಆತಂಕ, ಅಥವಾ ಗಮನ ನಿಲ್ಲದ ತೊಂದರೆ ಎಡಿಎಚ್‌ಡಿ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಬೇಕು. ನಿದ್ದೆ ಬೇಡವಾಗಿ, ಮಾತು ಜಾಸ್ತಿಯಾಗಿ, ದುಡ್ಡು ಚೆಲ್ಲುತ್ತಾ, ಅದರ ಜೊತೆಗೇ ಕಾಮದ ತುಡಿತ ಏರಿದ್ದರೆ ಅದು ಬೈಪೋಲಾರ್ ಕಾಯಿಲೆಯ ಉನ್ಮಾದ ಇರಬಹುದು. ತಡ ಮಾಡದೆ ತೋರಿಸಬೇಕು. ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ, ಕಾಲು ಚಡಪಡಿಸುವ ತೊಂದರೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮತ್ತು ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ಇಂಥ ತಡೆಯಲಾಗದ ತುಡಿತ ಹುಟ್ಟಿಸುತ್ತವೆ. ಅರವತ್ತು ದಾಟಿದ ತಂದೆಯವರ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಬೈಯುವ ಮೊದಲು ಮಾತ್ರೆಯ ಚೀಟಿ ನೋಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಮಕ್ಕಳ ಕಡೆಗೆ ಸೆಳೆತ ಇದ್ದರೆ ಮೇಲಿನ ಬೇರೆ ಯಾವ ದಾರಿಯನ್ನೂ ಪ್ರಯತ್ನಿಸುತ್ತಾ ಕೂರಬೇಡಿ, ನೇರ ಮನೋವೈದ್ಯರ ಹತ್ತಿರ ಹೋಗಿ. ಮಕ್ಕಳ ಅಶ್ಲೀಲ ದೃಶ್ಯಗಳನ್ನು ನೋಡುವುದು, ಇಟ್ಟುಕೊಳ್ಳುವುದೂ ಅಪರಾಧ ಅಂತ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ, ಈಗಲೇ 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಗೋಡೆ ಮೇಲಿನ ‘ಗುಪ್ತರೋಗ ತಜ್ಞರು’

ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆಯಲ್ಲಿ, ಯೂಟ್ಯೂಬ್‌ನಲ್ಲಿ ಕಾಣುವ ಇವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೇಡ. ಲೈಂಗಿಕ ಶಕ್ತಿ ಹೆಚ್ಚಿಸುವ ಮದ್ದಿನ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಇವರು ವೀರ್ಯನಾಶದ ಭಯವನ್ನು ಇನ್ನಷ್ಟು ಹೆಚ್ಚಿಸಿ ಸಾವಿರಗಟ್ಟಲೆ ಕೀಳುತ್ತಾರೆ. ಬಡ ಹುಡುಗರ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಸ್ಥಿತಿಗೆ ಯಾವುದು

ಹಾಸ್ಟೆಲ್‌ನಲ್ಲಿರುವ, ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗೆ: ಡಿಎನ್‌ಎಸ್ ಬೇಲಿ, ರಾತ್ರಿ ಫೋನ್ ರೂಮ್‌ಮೇಟ್ ಟೇಬಲ್ ಮೇಲೆ, ಸಂಜೆ ಹೊರಗೆ ಆಡುವ ಒಂದು ಆಟ. ಎರಡು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ, ಅಥವಾ ಅಂಕ ಬೀಳುತ್ತಿದ್ದರೆ, 14416 ಅಥವಾ ಕಾಲೇಜಿನ ಕೌನ್ಸೆಲರ್.

ಬೆಂಗಳೂರಿನಲ್ಲಿ ಒಬ್ಬರೇ ಇರುವ, ಮನೆಯಿಂದಲೇ ಕೆಲಸ ಮಾಡುವ ಉದ್ಯೋಗಿಗೆ: ಒಂಟಿತನವೇ ಇಲ್ಲಿ ಮುಖ್ಯ ಸಮಸ್ಯೆ ಇರಬಹುದು. ಕೌನ್ಸೆಲಿಂಗ್‌ಗೆ ದುಡ್ಡಿದ್ದರೆ ಅದು, ಜೊತೆಗೆ ವಾರದಲ್ಲಿ ಕೆಲವು ದಿನವಾದರೂ ಆಫೀಸಿಗೆ ಹೋಗುವುದು. ಕಂಪನಿಯಲ್ಲಿ ಉಚಿತ ಕೌನ್ಸೆಲಿಂಗ್ ಸೌಲಭ್ಯ ಇದೆಯಾ ಅಂತ ನೋಡಿ.

ಹಳ್ಳಿ, ಸಣ್ಣ ಪಟ್ಟಣದವರಿಗೆ ಗುಟ್ಟೇ ದೊಡ್ಡ ಸವಾಲು. ಎಲ್ಲರೂ ಗುರುತಿನವರು. ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಹೋದರೆ ತಪ್ಪೇನಿಲ್ಲ, ಆಮೇಲಿನದನ್ನು ಫೋನಿನಲ್ಲೇ ಮುಂದುವರಿಸಬಹುದಾ ಅಂತ ಕೇಳಿ. ಗಲ್ಫ್‌ನಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರಿಗೂ ಊರಿನ ಕನ್ನಡ ಬಲ್ಲ ಕೌನ್ಸೆಲರ್ ಜೊತೆ ವಿಡಿಯೊ ಭೇಟಿ ಸಾಧ್ಯ.

ಮದುವೆಯಾದವರ ಪ್ರಶ್ನೆ ಕಠಿಣ. ಸಂಗಾತಿಗೆ ಹೇಳಬೇಕಾ? ದುಡ್ಡು ಹೋಗಿದ್ದರೆ, ಬೇರೆಯವರ ಜೊತೆ ಸಂಬಂಧ ಬೆಳೆದಿದ್ದರೆ, ಅವರ ಆರೋಗ್ಯಕ್ಕೆ ಅಪಾಯ ಇದ್ದರೆ ಹೇಳಲೇಬೇಕು. ಬರೀ ನೋಡುವುದಾದರೆ, ಸಿಕ್ಕಿಬಿದ್ದು ಹೇಳುವುದಕ್ಕಿಂತ ತಾನಾಗಿ ಹೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಮನಸ್ಸು ಹಗುರ ಮಾಡಿಕೊಳ್ಳಲು ರಾತ್ರಿ ಹನ್ನೊಂದಕ್ಕೆ ಎಲ್ಲವನ್ನೂ ಸುರಿಯಬೇಡಿ. ಕೌನ್ಸೆಲರ್ ಜೊತೆ ಕೂತು ಏನು, ಎಷ್ಟು ಹೇಳಬೇಕು ಅಂತ ಯೋಚಿಸಿ. ಬಿಡಲು ಏನು ಮಾಡುತ್ತಿದ್ದೀರಿ ಅನ್ನುವುದನ್ನೂ ಜೊತೆಗೇ ಹೇಳಿ. ಹೆಂಡತಿಯನ್ನು ಅಥವಾ ಗಂಡನನ್ನು ಕಾವಲುಗಾರರನ್ನಾಗಿ ಮಾತ್ರ ಮಾಡಬೇಡಿ. ಪಾಸ್‌ವರ್ಡ್ ಇಟ್ಟುಕೊಂಡು ಬೇಲಿ ಕಾಯುವ ಕೆಲಸ ಗೆಳೆಯನಿಗೆ ಇರಲಿ.

ಒಂದೇ ದಾರಿ ಹಿಡಿಯಬೇಕು ಅಂತಲೂ ಇಲ್ಲ. ಬೇಲಿ ಮತ್ತು ಕೌನ್ಸೆಲಿಂಗ್ ಒಟ್ಟಿಗೆ ಚೆನ್ನಾಗಿ ನಡೆಯುತ್ತವೆ. ಯಾವುದನ್ನೇ ಹಿಡಿದರೂ ಎಂಟು ಹತ್ತು ವಾರ ಕೊಡಿ. ಆಮೇಲೆ ಹಳೆಯ ನೋಟ್‌ಬುಕ್ ತೆಗೆದು ನೋಡಿ: ನೋಡುವ ದಿನಗಳು ಇಳಿದಿವೆಯಾ, ಜಾರಿದ ಮೇಲೆ ಬೇಗ ಎದ್ದಿರಾ, ನಿದ್ದೆ ಸುಧಾರಿಸಿದೆಯಾ? ಮೂರಕ್ಕೂ ‘ಇಲ್ಲ’ ಅಂದರೆ ಮುಂದಿನ ದಾರಿಗೆ ಹೋಗಿ.

ಡಾಕ್ಟರ್ ಅಥವಾ ಕೌನ್ಸೆಲರ್ ಮುಂದೆ ಮೊದಲ ಮಾತು ಹೊರಡದಿದ್ದರೆ ಇಷ್ಟು ಹೇಳಿದರೆ ಸಾಕು: ‘ಪೋರ್ನ್ ನೋಡೋದನ್ನ ಬಿಡೋಕೆ ಆಗ್ತಿಲ್ಲ, ಸಹಾಯ ಬೇಕು.’ ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ಹೊತ್ತು, ಬಿಡಲು ಏನೇನು ಮಾಡಿ ನೋಡಿದಿರಿ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಿ ಬಾರದಿದ್ದರೆ ಆ ಚೀಟಿಯನ್ನೇ ಕೈಗೆ ಕೊಡಿ. ಅವರು ಓದಿ ಕೇಳುತ್ತಾರೆ.